ಕರಿಕಂಬಳಿ ಬ್ಯಾಂಡಿನ ಬಿಡುಗಡೆ ಸಮಾರಂಭ

ಶಿವಲಿಂಗಪ್ಪ ರಾಕ್ ಗಾಯಕನಾದದ್ದು ತನ್ನ ನಲವತ್ತಮೂರನೆಯ ವಯಸ್ಸಿನಲ್ಲಿ. ಆ ವಯಸ್ಸಿಗೆ ಚಿಗಳ್ಳಿಯ ಉಳಿದ ಗಂಡಸರು ಸಕ್ಕರೆ ಕಾಯಿಲೆ ಹಚ್ಚಿಕೊಳ್ಳುತ್ತಾರೆ, ಇಲ್ಲವೇ ಪಂಚಾಯ್ತಿ ಮೆಂಬರಾಗುತ್ತಾರೆ. ಇವನಿಗೆ ಎರಡೂ ಒಲಿದಿರಲಿಲ್ಲ. ಹಗಲು ಸೊಸೈಟಿಯಲ್ಲಿ ರೇಷನ್ ಸಕ್ಕರೆ ತೂಗುತ್ತಿದ್ದ. ಸೋಮವಾರ ಸಂಜೆ ಭಜನಾ ಮೇಳದಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದ. ಇಪ್ಪತ್ತು ವರ್ಷ ಬಾರಿಸಿದರೂ ಒಂದು ದಿನವೂ ಅವನಿಗೆ ಹಾಡಲು ಬಿಟ್ಟಿರಲಿಲ್ಲ. ಮೇಳದ ಯಜಮಾನ ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ಇವನು ಒಂದು ಸಾಲು ಎತ್ತಿಕೊಂಡರೂ ಸಾಕು, ಹೆಂಗಸರ ಗುಂಪಿನಿಂದ ಅವನ ತಾಯಿ ಮುದಕವ್ವನ ದನಿ ಬರುತ್ತಿತ್ತು.

"ಶಿವಲಿಂಗಾ, ಬಾಯಿ ಮುಚ್ಚಿ ಪೆಟಗಿ ಬಾರಸು."

ಹಾಗಾಗಿ ಅವನ ದನಿ ಹೇಗಿದೆಯೆಂಬುದು ಊರಿಗೆ ತಿಳಿಯದ ವಿಷಯ. ಅವನಿಗೂ ಅಷ್ಟಾಗಿ ತಿಳಿದಿರಲಿಲ್ಲ.

ಅದು ತಿಳಿದದ್ದು ದೇವರಾಜನಿಗೆ. ಊರ ಕೆರೆಯ ಆಚೆಗಿನ ಲಂಬಾಣಿ ತಾಂಡಾದ ಹುಡುಗ ದೇವರಾಜ, ದಾಂಡೇಲಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಗೋವಾಕ್ಕೆ ಹೋದವನು ಒಂದು ಕರೆಂಟಿನ ಗಿಟಾರು ತಂದಿದ್ದ. ಒಮ್ಮೆ ಮೇಳದವರು ಉಳವಿ ಜಾತ್ರೆಗೆ ಹೋದಾಗ ಎಲ್ಲರೂ ಪ್ರಸಾದಕ್ಕೆ ಎದ್ದುಹೋದರು. ಶಿವಲಿಂಗಪ್ಪನನ್ನು ಪೆಟ್ಟಿಗೆ ಕಾಯಲು ಕೂರಿಸಿದ್ದರು. ಯಾರೂ ಇಲ್ಲವಲ್ಲ ಎಂದು ಅವನು ಒಂದು ತತ್ವಪದ ಹಾಡಿದ. ಕಂಬದ ಹಿಂದೆ ಕೂತಿದ್ದ ದೇವರಾಜ ಎದ್ದುಬಂದು, "ಅಣ್ಣಾರ, ನಿಮ್ಮದು ರಾಕ್ ದನಿ ಐತ್ರಿ" ಎಂದ. ರಾಕ್ ಎಂದರೇನೆಂದು ಶಿವಲಿಂಗಪ್ಪನಿಗೆ ಗೊತ್ತಿರಲಿಲ್ಲ. ತನಗೂ ಒಂದು ದನಿಯಿದೆ ಎಂದು ಒಬ್ಬ ಮನುಷ್ಯ ಬಾಯಿಬಿಟ್ಟು ಹೇಳಿದ್ದೇ ಅವನಿಗೆ ಸಾಕಾಗಿತ್ತು.

ಹೀಗೆ ಕರಿಕಂಬಳಿ ಎಂಬ ಬ್ಯಾಂಡು ಹುಟ್ಟಿತು. ಹಾರ್ಮೋನಿಯಂ ಮತ್ತು ಹಾಡು ಶಿವಲಿಂಗಪ್ಪನದು, ಗಿಟಾರು ದೇವರಾಜನದು. ಡ್ರಮ್ಮಿಗೆ ಹಳಿಯಾಳದ ಸುಭಾಷ ಬಂದ. ಅವನು ಮದುವೆ ಬ್ಯಾಂಡಿನವನು. ತತ್ವಪದ, ತಾಂಡಾದ ಹಾಡು, ವರನ ಮೆರವಣಿಗೆಯ ಬಡಿತ, ಗೋವಾದ ಗಿಟಾರು, ಇವೆಲ್ಲವನ್ನೂ ಒಂದೇ ಕುಕ್ಕರಿನಲ್ಲಿಟ್ಟು ಸೀಟಿ ಹೊಡೆಸಿದರು. ಒಂದು ವರ್ಷ ಪ್ರತಿ ಭಾನುವಾರ ದಾಂಡೇಲಿಯಲ್ಲಿ ತಾಲೀಮು ನಡೆಯಿತು. ಹುಬ್ಬಳ್ಳಿಗೆ ಹೋಗಿ ಎಂಟು ಹಾಡು ರೆಕಾರ್ಡು ಮಾಡಿಸಿ, ತೊಂಬತ್ತೊಂಬತ್ತನೆಯ ಇಸವಿಯ ಮಾರ್ಚಿನಲ್ಲಿ 'ಕೂಗು' ಎಂಬ ಹೆಸರಿನ ಐನೂರು ಕ್ಯಾಸೆಟ್ಟುಗಳನ್ನು ಎರಡು ರಟ್ಟಿನ ಡಬ್ಬಿಗಳಲ್ಲಿ ಚಿಗಳ್ಳಿಗೆ ತಂದರು. ಮೇಲಿನ ಚಿತ್ರದಲ್ಲಿ ಮೂವರೂ ಕಂಬಳಿ ಹೊದ್ದು, ಕಣ್ಣಿಗೆ ಕಪ್ಪು ಚಾಳೀಸು ಹಾಕಿಕೊಂಡು, ಯಾರ ಮೇಲೋ ಸಿಟ್ಟಾದವರಂತೆ ನಿಂತಿದ್ದರು.

ಆ ಚಿತ್ರ ನೋಡಿದ ದಿನವೇ ಶಿವಲಿಂಗಪ್ಪನ ಹೆಂಡತಿ ಸುನಂದಾ ತವರೂರಾದ ಮಳಗಿಗೆ ಹೊರಟು ನಿಂತಳು. "ಈ ಕರೇ ಚಾಳೀಸ ತಗದಮ್ಯಾಲೆ ಹೇಳಿ ಕಳಸ್ರಿ, ಬರ್ತೇನಿ" ಎಂದು ಹೇಳಿ ಬಸ್ಸು ಹತ್ತಿದಳು. ಕಲಾವಿದನ ಬಾಳಿನಲ್ಲಿ ಇಂಥವು ಬರುತ್ತವೆ ಎಂದು ಶಿವಲಿಂಗಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ. ಅವನಿಗೆ ಬೇಕಾದದ್ದು ಒಂದೇ. ತನ್ನ ಓಣಿಯ ಜನ, ಅವರ ನಡುವೆ ತನ್ನ ತಾಯಿ, ಒಂದೇ ಒಂದು ಸಲ ತನ್ನ ಹಾಡನ್ನು ಕೊನೆಯತನಕ ಕೇಳಬೇಕು.

ಇನ್ನು ಮೊದಲನೆಯ ಹಾಡಿನ ವಿಷಯ ಹೇಳಬೇಕು. ಅದು ಶಿವಲಿಂಗಪ್ಪನದಲ್ಲ, ದೇವರಾಜನ ತಾಯಿ ಚಂದ್ರಿಬಾಯಿಯದು. ತಾಂಡಾದಲ್ಲಿ ಮದುವೆಯಾಗಿ ಹೊರಟ ಹುಡುಗಿ ತವರಿನವರ ಕೊರಳು ತಬ್ಬಿಕೊಂಡು ಅಳುತ್ತ ಹಾಡುವ ಹಾಡದು, ಢಾವಲೋ ಎನ್ನುತ್ತಾರೆ. ಎಷ್ಟು ಅತ್ತರೆ ಅಷ್ಟು ಶುಭ. ಅಳದೆ ಹೋದ ಮದುಮಗಳನ್ನು ತಾಂಡಾದವರು ಹತ್ತು ವರ್ಷ ಆಡಿಕೊಳ್ಳುತ್ತಾರೆ. ಶುಭಕ್ಕೆಂದೇ ಅದನ್ನು ಕ್ಯಾಸೆಟ್ಟಿನ ಮೊದಲಿಗೆ ಇಟ್ಟಿದ್ದರು. ಚಂದ್ರಿಬಾಯಿ ಏಳು ನಿಮಿಷ ಕರುಳು ಕಿತ್ತುಬರುವಂತೆ ಅತ್ತಿದ್ದಳು, ಹಿಂದೆ ಶಿವಲಿಂಗಪ್ಪನ ಹಾರ್ಮೋನಿಯಂ ಇತ್ತು.

ಆದರೆ ಲಿಂಗಾಯತರ ಓಣಿಯಲ್ಲಿ ಬೆಳಗಿನ ಹೊತ್ತು ಹೆಂಗಸೊಬ್ಬಳು ರಾಗವೆತ್ತಿ ಅತ್ತು, ಹಿಂದೆ ಭಜನೆಯ ಪೆಟ್ಟಿಗೆ ನುಡಿದರೆ ಅದಕ್ಕಿರುವುದು ಒಂದೇ ಅರ್ಥ. ಆ ದನಿ ಕೇಳಿದವರು ಮೊದಲು ಒಲೆ ಆರಿಸುತ್ತಾರೆ, ಆಮೇಲೆ ಹೆಣ ಕೂರಿಸಿ ಹೂಳುವ ಕುಣಿ ತೆಗೆಯಲು ಗುದ್ದಲಿ ಹುಡುಕುತ್ತಾರೆ. ದೇವರಾಜನಿಗೆ ಓಣಿಯ ಪದ್ಧತಿ ಗೊತ್ತಿರಲಿಲ್ಲ. ಶಿವಲಿಂಗಪ್ಪನಿಗೆ ಗೊತ್ತಿತ್ತು, ಹೊಳೆಯಲಿಲ್ಲ. ಗೊತ್ತೂ ಇದ್ದು ಹೊಳೆದೂ ಇದ್ದ ಸುಭಾಷನನ್ನು ಯಾರೂ ಕೇಳಲಿಲ್ಲ. ಡ್ರಮ್ಮಿನವರನ್ನು ಯಾವ ಬ್ಯಾಂಡಿನಲ್ಲೂ ಯಾರೂ ಏನೂ ಕೇಳುವುದಿಲ್ಲ.

ಬಿಡುಗಡೆ ಭಾನುವಾರ ಹನ್ನೊಂದಕ್ಕೆ ಗೊತ್ತಾಯಿತು. ದೇವರಾಜ ತನ್ನ ತಾಯಿ ಮತ್ತು ತಂಗಿ ಕಾಜಲ್‌ಳನ್ನು ನಾಲ್ಕು ದಿನ ಮೊದಲೇ ದಾಂಡೇಲಿಗೆ ಕರೆಸಿಕೊಂಡಿದ್ದ. ಎಲ್ಲರೂ ಒಟ್ಟಿಗೆ ಬಸ್ಸಿಗೆ ಬರುವವರಿದ್ದರು. ಮುದಕವ್ವ ಅಂದು ಬೆಳಗಿನ ಬಸ್ಸಿಗೆ ಮುಂಡಗೋಡಿನ ಆಸ್ಪತ್ರೆಯ ಕಣ್ಣಿನ ಕ್ಯಾಂಪಿಗೆ ಹೋದಳು. ಹೋಗುವಾಗ, "ಹನ್ನೊಂದರೊಳಗ ಬರ್ತೇನಿ. ಅದೇನ ಒದರೀಯೋ ಕೇಳೂಣು" ಎಂದಿದ್ದಳು. ಶಿವಲಿಂಗಪ್ಪ ಆ ಮಾತನ್ನು ಆಶೀರ್ವಾದವೆಂದೇ ತಿಳಿದ. ಮೈಕ್ ಸೆಟ್ಟಿನ ಈರೇಶ ಮನೆ ಮುಂದಿನ ಬೇವಿನ ಮರಕ್ಕೆ ಎರಡು ಹಾರ್ನು ಕಟ್ಟಿ, ಒಂದನ್ನು ಓಣಿಯತ್ತ, ಒಂದನ್ನು ಕೆರೆಯತ್ತ ತಿರುಗಿಸಿ, ಯಾವ ಗುಂಡಿ ಒತ್ತಬೇಕೆಂದು ತೋರಿಸಿ ಇನ್ನೊಂದು ಊರಿನ ಕೆಲಸಕ್ಕೆ ಹೋದ.

ಜನ ಸೇರಲಿ ಎಂದು ಶಿವಲಿಂಗಪ್ಪ ಎಂಟು ಗಂಟೆಗೇ ಗುಂಡಿ ಒತ್ತಿದ.

ಚಂದ್ರಿಬಾಯಿ ಅತ್ತಳು. ಅವಳು ಮೂರನೆಯ ನುಡಿಗೆ ಬರುವಷ್ಟರಲ್ಲಿ ಎದುರು ಮನೆಯ ಕಾಶೆವ್ವ ಬಾಯಿಗೆ ಸೆರಗು ಹಿಡಿದುಕೊಂಡು ಓಡಿಬಂದು ಹೊಸ್ತಿಲ ಮೇಲೆ ಕುಕ್ಕರಿಸಿದಳು.

"ಯಕ್ಕಾ ಮುದಕವ್ವಾ! ನನಗೊಂದ ಮಾತ ಹೇಳದ ಹೋದೆಲ್ಲಬೇ!"

ಕಾಶೆವ್ವನಿಗೂ ಕಣ್ಣಿನ ಪೊರೆ ಬಂದು ವರ್ಷವಾಗಿತ್ತು. ತನ್ನನ್ನು ಬಿಟ್ಟು ಕ್ಯಾಂಪಿಗೆ ಹೋದಳೆಂದು ಬೇಸರ ಮಾಡಿಕೊಂಡಿದ್ದಾಳೆ ಎಂದು ಶಿವಲಿಂಗಪ್ಪ ತಿಳಿದ.

"ಅಳಬ್ಯಾಡ ಚಿಗವ್ವಾ. ಮುಂದಿನ ಸಲ ನಿನ್ನ ಕಳಸೋ ಜವಾಬ್ದಾರಿ ನಂದು."

ಕಾಶೆವ್ವನ ಅಳು ಗಕ್ಕನೆ ನಿಂತಿತು. ಅವಳು ಎರಡು ಹೆಜ್ಜೆ ಹಿಂದೆ ಸರಿದು, ಗೋಡೆ ಹಿಡಿದುಕೊಂಡು, ಮತ್ತೆ ಅಳತೊಡಗಿದಳು. ಈ ಸಲದ ಅಳು ಸ್ವಲ್ಪ ಮಟ್ಟಿಗೆ ಅವಳ ಸ್ವಂತದ್ದಾಗಿತ್ತು.

ಐದು ನಿಮಿಷದಲ್ಲಿ ಓಣಿ ತುಂಬಿತು. ಗಂಡಸರು ಹೆಗಲ ಮೇಲೆ ಟವಲು ಹಾಕಿಕೊಂಡು ಬಂದರು, ಹೆಂಗಸರು ಕಣ್ಣೊರೆಸುತ್ತ ಬಂದರು. ಶಿವಲಿಂಗಪ್ಪ ಕಪ್ಪು ಚಾಳೀಸು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಇಷ್ಟು ಜನ! ಇಷ್ಟು ಕಣ್ಣೀರು! ಸಂಗೀತಕ್ಕೆ ಇಷ್ಟು ಶಕ್ತಿ ಇದೆಯೆಂದು ದೇವರಾಜ ಹೇಳಿದಾಗ ಅವನು ನಂಬಿರಲಿಲ್ಲ. ಅವನ ಕಣ್ಣೂ ತುಂಬಿಬಂತು. ಅದನ್ನು ನೋಡಿದ ಜನ ಇನ್ನಷ್ಟು ಅತ್ತರು.

"ಅಳಬ್ಯಾಡ್ರಿ, ಅಳಬ್ಯಾಡ್ರಿ" ಎಂದು ಅವನು ಕೈ ಎತ್ತಿದ. "ಇದು ಮೊದಲನೇದ್ ಅಷ್ಟ. ಇನ್ನೂ ಏಳು ಅದಾವು!"

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ತಲಿ ಕೆಟ್ಟೈತಿ ಪಾಪ" ಎಂದ ಮೇಳದ ಯಜಮಾನ. "ತಾಯಿ ಅಂದರ ಭಾಳ ಪ್ರೀತಿ ಇತ್ತ ನೋಡ್ರಿ. ಏನ ಅಂದರೂ ಹೂಂ ಅನ್ರಿ."

ಇದು ಆ ದಿನದ ಅತಿ ದೊಡ್ಡ ಅನಾಹುತ. ಏಕೆಂದರೆ ಅಲ್ಲಿಂದ ಮುಂದೆ ಶಿವಲಿಂಗಪ್ಪ ಆಡಿದ ಯಾವ ಮಾತಿಗೂ ಅರ್ಥವಿಲ್ಲದಾಯಿತು. ಎಲ್ಲದಕ್ಕೂ ಹೂಂ ಎನ್ನುತ್ತ ಜನ ತಮ್ಮ ಕೆಲಸ ನೋಡಿಕೊಂಡರು.

"ಮುದಕವ್ವ ಎಲ್ಲಿ ಅದಾಳ?" ಎಂದು ಯಜಮಾನ ಮೆಲ್ಲಗೆ ಕೇಳಿದ.

"ಮುಂಡಗೋಡ ಆಸ್ಪತ್ರ್ಯಾಗ. ಹನ್ನೊಂದಕ್ಕ ಬಸ್ಸಿಗೆ ಬರ್ತಾಳ್ರಿ."

"ಬಸ್ಸಿಗೆ?" ಯಜಮಾನನಿಗೆ ಅವಮಾನವಾಯಿತು. "ನಮ್ಮ ಓಣ್ಯಾಗ ಟ್ರ್ಯಾಕ್ಟರ್ ಇಲ್ಲೇನಪಾ? ಮುದಕವ್ವ ಬಸ್ಸಿಗೆ ಬರೋದಂದರ ಊರಿನ ಮಾನ ಏನಾತು? ಕುರ್ಚಿ ಹಾಕ್ರಿ, ಬಾಳಿಕಂಬ ಕಟ್ರಿ, ಹೂವಿನ ಮಾಲಿ ತಗೊಂಡ ನಡೀರಿ."

ಟ್ರ್ಯಾಕ್ಟರು ಹೊರಟಿತು. ತನ್ನ ತಾಯಿಯನ್ನು ಬಿಡುಗಡೆಗೆ ಇಷ್ಟು ಮರ್ಯಾದೆಯಿಂದ ಕರೆತರುವ ಊರಿನ ಬಗ್ಗೆ ಶಿವಲಿಂಗಪ್ಪನಿಗೆ ಅಭಿಮಾನ ಉಕ್ಕಿತು. ಅಷ್ಟರಲ್ಲಿ ಚಂದ್ರಿಬಾಯಿಯ ಹಾಡು ಮುಗಿದು ಎರಡನೆಯದು ಶುರುವಾಯಿತು. ಅದೇ ಅವನ ಹಾಡು. ಡ್ರಮ್ಮು ಎರಡು ಪೆಟ್ಟು ಹೊಡೆಯಿತು, ಗಿಟಾರು ಒಮ್ಮೆ ಗುಂಯ್ ಎಂದಿತು. ಯಜಮಾನ ಮುಂದೆ ಹೋಗಿ ಗುಂಡಿ ಒತ್ತಿ ಯಂತ್ರ ನಿಲ್ಲಿಸಿದ.

"ಇದೆಲ್ಲಾ ಯಾಕ? ಮೇಳ ಬಂದೈತಿ. ನಾವs ಹಾಡತೇವಿ."

ಮೇಳ ಅಂಗಳದಲ್ಲಿ ಕೂತು ತಾಳ ಹಿಡಿಯಿತು. ತನ್ನ ಗೌರವಕ್ಕೆ ಹಾಡುತ್ತಿದ್ದಾರೆ, ತಡೆಯುವುದು ಹೇಗೆ ಎಂದು ಶಿವಲಿಂಗಪ್ಪ ಸುಮ್ಮನಾದ. ಬಿಡುಗಡೆಗೆಂದು ತರಿಸಿದ್ದ ಧಾರವಾಡ ಪೇಢೆಯ ಡಬ್ಬಿ ತೆಗೆದು, ಅಳುತ್ತಿದ್ದವರ ನಡುವೆ ಹೋಗಿ, "ತಗೋರಿ, ಬಾಯಿ ಸೀ ಮಾಡ್ರಿ" ಎನ್ನುತ್ತ ಹಂಚಿದ. ಜನ ಹೂಂ ಎಂದು ಅತ್ತುಕೊಂಡೇ ಪೇಢೆ ತೆಗೆದುಕೊಂಡು ಕಿಸೆಗೆ ಹಾಕಿಕೊಂಡರು. ಕಾಶೆವ್ವ ಎರಡು ತೆಗೆದುಕೊಂಡಳು.

ಒಂಬತ್ತೂವರೆಗೆ ಹೊಲದ ಕಡೆಯಿಂದ ಮೈಯೆಲ್ಲ ಮಣ್ಣಾದ ನಾಲ್ವರು ಬಂದರು. ಅವರಲ್ಲಿ ಒಬ್ಬ ಶಿವಲಿಂಗಪ್ಪನ ಕಿವಿಯ ಹತ್ತಿರ ಬಗ್ಗಿದ.

"ಅಣ್ಣಾ, ಕುಣಿ ತಗದ ಮುಗೀತು. ನಿಮ್ಮವ್ವ ಕುಂತರ ತಲಿ ಎಲ್ಲೀಮಟ ಬರ್ತೈತಿ? ಒಂಚೂರು ಆಳ ಕಮ್ಮಿ ಆತೇನೋ ಅಂತ ಅನುಮಾನ."

ಶಿವಲಿಂಗಪ್ಪನ ಕೈಯಿಂದ ಪೇಢೆಯ ಡಬ್ಬಿ ಬಿತ್ತು. ಈಗ ಬುದ್ಧಿವಂತನಾದ ಮನುಷ್ಯ ಏನು ಮಾಡಬೇಕಿತ್ತು? ನನ್ನ ತಾಯಿ ಬದುಕಿದ್ದಾಳೆ ಎಂದು ಕೂಗಬೇಕಿತ್ತು. ಆದರೆ ಅವನು ಸುತ್ತ ನೋಡಿದ. ಊರೆಲ್ಲ ಅಳುತ್ತಿದೆ. ತಾಯಿ ಆಸ್ಪತ್ರೆಯಲ್ಲಿದ್ದಾಳೆ. ಟ್ರ್ಯಾಕ್ಟರಿಗೆ ಬಾಳೆಕಂಬ ಕಟ್ಟಿಕೊಂಡು ಹೋಗಿದ್ದಾರೆ. ಕುಣಿಯೂ ಸಿದ್ಧವಾಗಿದೆ. ಇಡೀ ಊರಿಗೆ ತಿಳಿದ ಸುದ್ದಿ ತನಗೊಬ್ಬನಿಗೇ ತಡವಾಗಿ ತಿಳಿಯಿತು ಎಂದುಕೊಂಡ. ತನ್ನ ಕ್ಯಾಸೆಟ್ಟನ್ನು ಊರಿನಲ್ಲಿ ಎಲ್ಲರಿಗಿಂತ ಪೂರ್ತಿಯಾಗಿ ನಂಬಿದವನು ಅವನೇ.

"ಯವ್ವಾ!" ಎಂದು ಅಂಗಳದ ಮಣ್ಣಿನಲ್ಲಿ ಬಿದ್ದ. "ನನ್ನ ಹಾಡ ಕೇಳದ ಹೋದೇನ ಬೇ!"

ಅವನ ಎದೆಯಲ್ಲಿ ನಿಜವಾಗಿ ಏನೋ ಮುರಿದಿತ್ತು. ಬಾಯಿ ಮುಚ್ಚಿ ಪೆಟ್ಟಿಗೆ ಬಾರಿಸು ಎಂದು ಇನ್ನು ಯಾರೂ ಹೇಳುವುದಿಲ್ಲ ಎನ್ನಿಸಿ ಅವನು ಮಕ್ಕಳಂತೆ ಅತ್ತ.

"ಅಂತೂ ಅತ್ತ" ಎಂದು ಜನಕ್ಕೆ ಸಮಾಧಾನವಾಯಿತು.

ಆಗಲೇ ತಾಂಡಾದವರು ಬಂದದ್ದು. ಕೆರೆಯತ್ತ ತಿರುಗಿದ್ದ ಹಾರ್ನು ತನ್ನ ಕೆಲಸ ಮಾಡಿತ್ತು. ತಾಂಡಾದವರು ಕೇಳಿದ್ದು ಸಾವಿನ ಅಳುವನ್ನಲ್ಲ, ಢಾವಲೋ. ಅದೂ ಚಂದ್ರಿಬಾಯಿಯ ದನಿಯಲ್ಲಿ. ಚಂದ್ರಿಬಾಯಿ ಮತ್ತು ಕಾಜಲ್ ನಾಲ್ಕು ದಿನದಿಂದ ಮನೆಯಲ್ಲಿಲ್ಲ. ದನಿ ಬರುತ್ತಿರುವುದು ಶಿವಲಿಂಗಪ್ಪನ ಮನೆಯಿಂದ. ಎರಡಕ್ಕೆ ಎರಡು ಕೂಡಿಸಲು ಸಾಲೆಗೆ ಹೋಗಬೇಕಿಲ್ಲ. ತಾಂಡಾದ ನಾಯಕ ಹೀರಪ್ಪ ರುಮಾಲು ಸುತ್ತಿಕೊಂಡು, ಕನ್ನಡಿಯ ಲಂಗ ಉಟ್ಟು ಬಳೆ ತುಂಬಿಕೊಂಡ ಹನ್ನೆರಡು ಹೆಂಗಸರ ಸಮೇತ ಬಂದು ಅಂಗಳದಲ್ಲಿ ನಿಂತ.

"ನಾಯಕನ್ನ ಕೇಳದ, ಎಲಿ ಅಡಿಕಿ ಇಡದ, ನಮ್ಮ ಹುಡುಗಿ ಮದವಿ ಹೆಂಗ ಮಾಡ್ತೀರಿ?"

"ಸತ್ತ ಮನಿ ಮುಂದ ಮದವಿ ಮಾತ ತಗೀತೀಯೇನ ಹೀರಪ್ಪಾ? ಕಣ್ಣ ಕಾಣಸ್ತಾವಿಲ್ಲೋ?" ಎಂದ ಯಜಮಾನ.

"ಮದವಿ ಮನಿ ಮುಂದ ನೀವ್ಯಾಕ ಅಳಾಕ ಹತ್ತೀರಿ? ಅಳೋದು ನಮ್ಮ ಹೆಂಗಸರ ಕೆಲಸ!"

"ಮದವಿ ಯಾರದು?"

"ಕಾಜಲ್‌ಂದು."

"ಗಂಡು?"

ಹೀರಪ್ಪ ಮಣ್ಣಿನಲ್ಲಿ ಹೊರಳುತ್ತಿದ್ದ, ಕಪ್ಪು ಚಾಳೀಸಿನ, ಗಡ್ಡಕ್ಕೆ ಪೇಢೆ ಹತ್ತಿದ ಶಿವಲಿಂಗಪ್ಪನತ್ತ ಬೆರಳು ತೋರಿಸಿದ. ಅಷ್ಟೂ ಜನ ಆ ಗಂಡನ್ನು ನೋಡಿದರು. ಮೇಳದ ತಾಳ ನಿಂತಿತು. ಗುಂಪಿನ ಹಿಂದಿನಿಂದ ಯಾರೋ ಸೊಸೈಟಿಯ ಪಕ್ಕದ ಎಸ್‌ಟಿಡಿ ಬೂತಿಗೆ ಓಡಿದರು. ಮುಕ್ಕಾಲು ತಾಸಿನ ಹಿಂದೆ ಅದೇ ಬೂತಿನಿಂದ ಮಳಗಿಗೆ ಒಂದು ಸುದ್ದಿ ಹೋಗಿತ್ತು. ಈಗ ಎರಡನೆಯದು ಹೋಯಿತು. ಹೀಗೆ ಸುನಂದಾಳಿಗೆ ಒಂದೇ ಬೆಳಿಗ್ಗೆ ಅತ್ತೆ ತೀರಿಕೊಂಡಳೆಂದೂ ಗಂಡ ಇನ್ನೊಂದು ಮದುವೆಯಾದನೆಂದೂ ತಿಳಿಯಿತು.

ಅವಳು ಅಣ್ಣನ ಜೀಪಿನಲ್ಲಿ ಬಂದಿಳಿದಾಗ ಪಾಪ, ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯದೆ ಎರಡನ್ನೂ ಸರದಿಯ ಮೇಲೆ ಮಾಡಿದಳು. "ಅತ್ತೀ, ನನ್ನ ಹಡದವ್ವನ ಹಂಗ ಇದ್ದೆಲ್ಲವ್ವಾ" ಎಂದು ಒಂದು ಉಸಿರಿಗೆ ಅತ್ತರೆ, "ಅವ್ವನ ಮಣ್ಣ ಆಗೂತನಕಾನರ ತಡೀಬಾರದಾಗಿತ್ತೇನ್ರೀ" ಎಂದು ಮುಂದಿನ ಉಸಿರಿಗೆ ಗಂಡನ ಭುಜ ಹಿಡಿದು ಅಲುಗಿಸಿದಳು. ಶಿವಲಿಂಗಪ್ಪನಿಗೆ ಅವಳು ಹೇಳುವುದರಲ್ಲಿ ಅರ್ಧ ಮಾತ್ರ ತಿಳಿಯಿತು. ಆ ಅರ್ಧಕ್ಕೇ ಅವನು ಮತ್ತಷ್ಟು ಅತ್ತ.

ಹತ್ತೂವರೆಗೆ ದಾಂಡೇಲಿಯ ಬಸ್ಸು ನಿಂತಿತು. ಗಿಟಾರು ಹೆಗಲಿಗೇರಿಸಿದ ದೇವರಾಜ, ಡ್ರಮ್ಮು ಹೊತ್ತ ಸುಭಾಷ, ಹೊಸ ಬಟ್ಟೆ ಉಟ್ಟ ಚಂದ್ರಿಬಾಯಿ ಮತ್ತು ಕಾಜಲ್ ಇಳಿದರು. ಸುಭಾಷ ದೂರದಿಂದಲೇ ಗುಂಪು ನೋಡಿ, "ನಾ ಅಂದಿದ್ದೆ" ಎಂದ. ಅವನು ಯಾರಿಗೂ ಅಂದಿರಲಿಲ್ಲ.

"ಕಾಜಲ್, ನಿನ್ನ ಮದವಿ ಯಾವಾಗ ಆತವಾ?" ಎಂದ ನಾಯಕ.

"ನನಗೊತ್ತಿಲ್ಲ ನಾಯಕ. ಯಾರ ಜೋಡಿ?"

ಎಲ್ಲರೂ ತೋರಿಸಿದರು. ಕಾಜಲ್ ಶಿವಲಿಂಗಪ್ಪನನ್ನು ಮೇಲಿಂದ ಕೆಳಗಿನವರೆಗೆ ನೋಡಿ ತಾಯಿಯ ಕೊರಳಿಗೆ ಬಿದ್ದು ಗೋಳೋ ಎಂದು ಅತ್ತಳು. ಆ ದಿನ ಚಿಗಳ್ಳಿಯಲ್ಲಿ ಕೇಳಿಬಂದ ನಿಜವಾದ ಢಾವಲೋ ಅದೊಂದೇ ಎಂದು ತಾಂಡಾದ ಹೆಂಗಸರು ಇವತ್ತಿಗೂ ಹೇಳುತ್ತಾರೆ.

ಚಂದ್ರಿಬಾಯಿ ಸೊಂಟಕ್ಕೆ ಕೈಯಿಟ್ಟು ನಿಂತು ಎಲ್ಲವನ್ನೂ ಬಿಡಿಸಿ ಹೇಳಿದಳು. ಅತ್ತದ್ದು ತಾನು, ಅತ್ತದ್ದು ಹುಬ್ಬಳ್ಳಿಯಲ್ಲಿ, ಅದೂ ಮೂರು ತಿಂಗಳ ಹಿಂದೆ. ಮದುವೆಯೂ ಇಲ್ಲ, ಸಾವೂ ಇಲ್ಲ, ಇದು ಕ್ಯಾಸೆಟ್ಟು.

"ಹಂಗಾರ ಮುದಕವ್ವ?" ಎಂದಳು ಕಾಶೆವ್ವ.

ಉತ್ತರಕ್ಕೆ ಕಾಯಬೇಕಾಗಲಿಲ್ಲ. ಓಣಿಯ ತಿರುವಿನಲ್ಲಿ ಟ್ರ್ಯಾಕ್ಟರು ಕಾಣಿಸಿತು. ಬಾಳೆಕಂಬಗಳ ನಡುವೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ಹಣೆ ತುಂಬ ವಿಭೂತಿ, ಕೊರಳು ತುಂಬ ಮಾಲೆ, ಒಂದು ಕಣ್ಣಿಗೆ ಹಸಿರು ಪಟ್ಟಿ ಧರಿಸಿ ಮುದಕವ್ವ ಬರುತ್ತಿದ್ದಳು. ಕರೆತರಲು ಹೋದವರು ಅವಳನ್ನು ಕ್ಯಾಂಪಿನ ಬಾಗಿಲಲ್ಲಿ ಜೀವಂತ ಕಂಡು ಬೆಚ್ಚಿದ್ದರು. ಆದರೂ ಇಷ್ಟೆಲ್ಲ ಕಟ್ಟಿಕೊಂಡು ಹೋದದ್ದು ವ್ಯರ್ಥವಾಗಬಾರದೆಂದು ಹಾಗೇ ಕೂರಿಸಿಕೊಂಡು ಬಂದಿದ್ದರು. ಅಂಗಳದಲ್ಲಿ ಮೂವರು ಹೆಂಗಸರು ಚೀರಿ ಬಿದ್ದರು.

"ಯಾರ ಸತ್ತಾರೋ?" ಎಂದಳು ಮುದಕವ್ವ ಮೇಲಿನಿಂದಲೇ.

"ನೀನs ಬೇ" ಎಂದ ಶಿವಲಿಂಗಪ್ಪ ಬಿಕ್ಕುತ್ತ.

ಮುದಕವ್ವ ತೆರೆದಿದ್ದ ಒಂದು ಕಣ್ಣಿನಿಂದ ಇಡೀ ಗುಂಪನ್ನು ನಿಧಾನವಾಗಿ ನೋಡಿದಳು. ಅವಳಿಗೆ ಸಿಟ್ಟು ಬರಲಿಲ್ಲ. ಕುರ್ಚಿಯಿಂದ ಇಳಿಯದೆ, ಯಾರ್ಯಾರು ಬಂದಿದ್ದಾರೆ, ಯಾರು ಎಷ್ಟು ಅತ್ತರು, ಯಾರು ಬರಲಿಲ್ಲ ಎಂದು ವಿಚಾರಿಸಿಕೊಂಡಳು. ಕಾಶೆವ್ವ ಎಲ್ಲರಿಗಿಂತ ಮೊದಲು ಬಂದಳೆಂದು ತಿಳಿದು, "ನಾ ಅಕೀನ ಇಷ್ಟ ದಿನಾ ತಪ್ಪ ತಿಳದಿದ್ದೆ" ಎಂದಳು. ಆಮೇಲೆ ಮಗನತ್ತ ತಿರುಗಿ, "ಹನ್ನೊಂದಾತು. ಎಲ್ಲಿ, ಹಚ್ಚು ನಿನ್ನ ಹಾಡ" ಎಂದಳು.

ಶಿವಲಿಂಗಪ್ಪ ಮುಖದ ಮಣ್ಣು ಒರೆಸಿಕೊಂಡು ಎದ್ದ. ಗುಂಡಿ ಒತ್ತಿದ. ಕರೆಂಟು ಹೋಗಿತ್ತು.

ಅಲ್ಲಿಗಾದರೂ ಮುಗಿಯಬಹುದಿತ್ತು. ಆದರೆ ಕುಣಿ ಉಳಿದಿತ್ತಲ್ಲ. ಹೊಲದ ಬದುವಿನಲ್ಲಿ ಬಾಯಿ ತೆರೆದು ಕೂತ ಕುಣಿಯನ್ನು ಬರಿದೇ ಮುಚ್ಚಿದರೆ ಅದು ಮತ್ತೊಬ್ಬರನ್ನು ಕೇಳುತ್ತದೆಂದು ಓಣಿಯ ನಂಬಿಕೆ. ಮಠದ ಅಯ್ಯನವರು ಬಂದು ಬಗ್ಗಿ ನೋಡಿ ಗಂಟಲು ಸರಿಮಾಡಿಕೊಂಡರು.

"ಏನಾರ ಒಂದ ಇಡಾಕs ಬೇಕು. ಕುಂಬಳಕಾಯಿ ನಡೀತೈತಿ."

"ನನ್ನ ಬದಲಿ ಕುಂಬಳಕಾಯಿ?" ಮುದಕವ್ವನ ದನಿ ಏರಿತು. "ನಾ ಒಪ್ಪಾಂಗಿಲ್ಲ."

ಅಯ್ಯನವರು ಗಡ್ಡ ನೀವಿಕೊಂಡು, "ಹಂಗಾರ ಯಾವುದರಿಂದ ಕುಣಿ ಬಿತ್ತೋ ಅದನ್ನs ಇಡಬೇಕಾಗ್ತೈತಿ" ಎಂದರು.

ಸುನಂದಾ ಸೀದಾ ಒಳಗೆ ಹೋಗಿ ಕ್ಯಾಸೆಟ್ಟಿನ ಒಂದು ಡಬ್ಬಿಯನ್ನು ತಾನೇ ಹೊತ್ತು ತಂದಳು. ಇನ್ನೊಂದನ್ನು ಅವಳ ಅಣ್ಣ ತಂದ. ದೇವರಾಜ ಅಡ್ಡ ಬಂದ. ನಾಯಕ ಅವನ ರಟ್ಟೆ ಹಿಡಿದ. ಮದುವೆಯಿಲ್ಲದೆ ಢಾವಲೋ ಹಾಡಿಸಿದ ತಪ್ಪಿಗೆ ಅದು ಹೋಗುವುದೇ ಒಳ್ಳೆಯದೆಂದು ತಾಂಡಾಕ್ಕೂ ಅನ್ನಿಸಿತ್ತು. ಆ ದಿನ ಓಣಿಯೂ ತಾಂಡಾವೂ ಒಪ್ಪಿದ ಮಾತು ಇದೊಂದೇ. ಶಿವಲಿಂಗಪ್ಪ, "ಒಂದs ಒಂದ ಸಲ ಕೇಳ್ರಿ, ಆಮ್ಯಾಲೆ ಹೂಳ್ರಿ" ಎಂದು ಒಬ್ಬೊಬ್ಬರ ಕೈ ಹಿಡಿದು ಬೇಡಿಕೊಂಡ. ಜನ ಅಭ್ಯಾಸಬಲದಿಂದ ಹೂಂ ಎಂದರು.

ಮೇಳ ಮುಂದೆ ಹಾಡುತ್ತ ನಡೆಯಿತು. ಬಾಳೆಕಂಬದ ಟ್ರ್ಯಾಕ್ಟರಿನಲ್ಲಿ ಡಬ್ಬಿಗಳು ಹೋದವು. ಅಯ್ಯನವರು ವಿಭೂತಿ, ಪತ್ರಿ ಹಾಕಿದರು. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಹಿರಿಯ ಮಗನ ಸ್ಥಾನದಲ್ಲಿ ನಿಂತು ಮೊದಲ ಹಿಡಿ ಮಣ್ಣು ಹಾಕಿದವನು ಶಿವಲಿಂಗಪ್ಪ. ಒಂದು ಬ್ಯಾಂಡಿನ ಮೊದಲ ಕ್ಯಾಸೆಟ್ಟಿಗೆ ಇಷ್ಟು ಜನ ಸೇರಿದ್ದು ಆ ಸೀಮೆಯಲ್ಲಿ ಹಿಂದೆಂದೂ ಇರಲಿಲ್ಲ.

ಉಳಿದದ್ದು ಈರೇಶನ ಯಂತ್ರದೊಳಗೆ ಸಿಕ್ಕಿಕೊಂಡಿದ್ದ ಒಂದೇ ಒಂದು. ಸುನಂದಾ ಅದನ್ನೂ ಎಳೆದು ತೆಗೆದಾಗ ಮುದಕವ್ವ ಕಸಿದುಕೊಂಡು ತನ್ನ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು.

"ನಾ ಖರೇನ ಹೋದ ದಿನ ಇದನ್ನ ಹಚ್ಚು" ಎಂದಳು ಮಗನಿಗೆ. "ಮುಗಿಯೂತನಕ ಬಂದ ಮಾಡಬ್ಯಾಡ."

"ಈಗs ಕೇಳ ಬೇ. ಕರೆಂಟ ಬಂದ ಕೂಡಲೆ ಹಚ್ಚತೇನಿ."

"ಬ್ಯಾಡ. ಇವತ್ತ ಬಂದಷ್ಟs ಮಂದಿ ಅವತ್ತ ಮತ್ತ ಬರಬೇಕು. ಎಲ್ಲಾರ ಜೋಡಿ ಕುಂತ ಕೇಳ್ತೇನಿ."

ಮುಂದೆ ಬ್ಯಾಂಡು ಉಳಿಯಲಿಲ್ಲ. ದೇವರಾಜನ ಗಿಟಾರು ದಾಂಡೇಲಿಯ ಗೋಡೆಯ ಮೊಳೆಯಲ್ಲಿ ತೂಗಿತು. ಸುಭಾಷ ವರನ ಮೆರವಣಿಗೆಗಳಿಗೆ ಮರಳಿದ. ಶಿವಲಿಂಗಪ್ಪ ಸಕ್ಕರೆ ತೂಗಿದ, ಸೋಮವಾರ ಪೆಟ್ಟಿಗೆ ಬಾರಿಸಿದ. ಸೊಸೈಟಿಗೆ ಬಂದವರು, "ಎರಡನೇ ಕ್ಯಾಸೆಟ್ ಯಾವಾಗಪಾ? ಗುದ್ದಲಿ ಮಸದ ಇಡತೇವಿ" ಎನ್ನುತ್ತಿದ್ದರು. ಅವನು ನಗುತ್ತಿದ್ದ, ತಕ್ಕಡಿಯ ಮುಳ್ಳು ನೋಡುತ್ತಿದ್ದ.

ಎರಡು ವರ್ಷದ ಮೇಲೆ ಒಂದು ಬೆಳಿಗ್ಗೆ ಚಹದ ಬಟ್ಟಲು ಕೈಯಲ್ಲಿದ್ದಂತೆಯೇ ಮುದಕವ್ವ ತೀರಿಕೊಂಡಳು. ಸುನಂದಾ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ ಹಣೆಗೆ ವಿಭೂತಿ ಹಚ್ಚಿದಳು. ಶಿವಲಿಂಗಪ್ಪ ಟ್ರಂಕು ತೆಗೆದು ಕ್ಯಾಸೆಟ್ಟು ಹಿಡಿದು ಈರೇಶನ ಮನೆಗೆ ಹೋದ.

"ಅವ್ವ ಹೋದಳೋ ಈರೇಶಾ. ಮೈಕ್ ಬೇಕಾಗೈತಿ."

ಈರೇಶ ನಕ್ಕ. "ಈ ಸಲ ಯಾವ ಕ್ಯಾಂಪಿಗೆ? ಹಲ್ಲಿಂದೋ, ಕಿವೀದೋ?" ಎಂದ. ನಗುತ್ತಲೇ ಹಾರ್ನು, ಯಂತ್ರ ಎಲ್ಲ ಕೈಗಾಡಿಯಲ್ಲಿಟ್ಟು ಕೊಟ್ಟ, ತಾನು ಬರಲಿಲ್ಲ.

ಶಿವಲಿಂಗಪ್ಪ ತಾನೇ ಬೇವಿನ ಮರ ಹತ್ತಿ ಹಾರ್ನು ಕಟ್ಟಿದ. ಚಂದ್ರಿಬಾಯಿಯ ಅಳು ಓಣಿಗೂ ಕೆರೆಯಾಚೆಗೂ ಹೋಯಿತು. ಓಣಿಯಲ್ಲಿ ಯಾರೋ ಕಿಸಕ್ಕೆಂದರು. ತಾಂಡಾದಲ್ಲಿ ಯಾರೂ ಬಳೆ ತುಂಬಿಕೊಳ್ಳಲಿಲ್ಲ. ಸುನಂದಾ ಮನೆಮನೆಗೆ ಹೋಗಿ ಹೇಳಿದಳು. "ಪೇಢೆ ತಂದೀಯೇನವಾ?" ಎಂದರು. ಅವಳು ಮರಳಿ ಬಂದು ಅತ್ತೆಯ ಕಾಲ ಬಳಿ ಕೂತಳು.

"ಬಂದ ಮಾಡ್ರಿ. ಯಾರೂ ನಂಬಾಂಗಿಲ್ಲ" ಎಂದಳು.

"ಮುಗಿಯೂತನಕ ಮಾಡಬ್ಯಾಡ ಅಂದಾಳ" ಎಂದ ಶಿವಲಿಂಗಪ್ಪ.

ಎರಡನೆಯ ಹಾಡು ಬಂತು. ಡ್ರಮ್ಮು ಎರಡು ಪೆಟ್ಟು ಹೊಡೆಯಿತು, ಗಿಟಾರು ಗುಂಯ್ ಎಂದಿತು. ಈ ಸಲ ಯಾರೂ ಗುಂಡಿ ಒತ್ತಲಿಲ್ಲ. ಅವನ ದನಿ ಬೇವಿನ ಮರದಿಂದ ಎದ್ದು ಖಾಲಿ ಓಣಿಯ ತುಂಬ ನಡೆದಾಡಿತು. ಅವನು ತಾಯಿಯ ಮುಖ ನೋಡುತ್ತ ಕೂತ. ಬಾಯಿ ಮುಚ್ಚು ಎನ್ನಲಿ ಎಂದು ಕಾದ. ಒಂದು ಬದಿ ಮುಗಿಯಿತು. ಎದ್ದು ಕ್ಯಾಸೆಟ್ಟು ತಿರುವಿ ಹಾಕಿದ. ಒಂದು ತಾಸು, ಎಂಟು ಹಾಡು, ಮೊದಲಿನಿಂದ ಕೊನೆಯತನಕ. ಕರೆಂಟು ಕೂಡ ಹೋಗಲಿಲ್ಲ.

ಕೊನೆಯ ಹಾಡಿನಲ್ಲಿ ಕಾಶೆವ್ವ ಕೋಲು ಹಿಡಿದು ಬೈಯಲು ಬಂದಳು. ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಕೋಲನ್ನು ಗೋಡೆಗೆ ಒರಗಿಸಿ ಮುದಕವ್ವನ ಪಕ್ಕದಲ್ಲಿ ಕೂತಳು. ಅಳಲಿಲ್ಲ. ಹಾಡು ಮುಗಿಯುವವರೆಗೂ ಕೂತಿದ್ದಳು.

"ಯಾರೋ ಇಂವ ಹಾಡಿದಾಂವ?"

"ನಾನs ಚಿಗವ್ವ."

ಕಾಶೆವ್ವ ಅವನನ್ನು ಹೊಸದಾಗಿ ನೋಡುವವಳಂತೆ ನೋಡಿದಳು.

"ಇಂಥಾ ದನಿ ಇಟಗೊಂಡು ಇಷ್ಟ ವರ್ಷ ಸುಮ್ಮನ ಹೆಂಗ ಕುಂತಿಯೋ ಶಿವಲಿಂಗಾ? ಒಂದ ದಿನಾನರ ನಮಗ ಕೇಳಸಬಾರದಾಗಿತ್ತೇನು? ನಿಮ್ಮವ್ವ ಕೇಳಿದ್ದರ ಎಷ್ಟ ಖುಷಿ ಪಡ್ತಿದ್ದಳು." ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಹೇಳಿದಳು. "ನನಗೂ ಒಂದ ಕ್ಯಾಸೆಟ್ ಕೊಡಪಾ. ಮನ್ಯಾಗ ಇಟಗೋತೇನಿ."

ಶಿವಲಿಂಗಪ್ಪ ತೆರೆದ ಬಾಗಿಲಿನಿಂದ, ಕ್ಯಾಸೆಟ್ಟು ಹೂತಿದ್ದ ಹೊಲದ ಕಡೆ ನೋಡಿದ. ಗುದ್ದಲಿ ಹಿಡಿದು ಅತ್ತ ಇನ್ನೂ ಯಾರೂ ಹೋಗಿರಲಿಲ್ಲ.